ಎಗ್ ಪಫ್ ತಿಂದಿದ್ದಕ್ಕೆ ರಕ್ಷಣೆ ಹೋಗುತ್ತಾ?

ಪ್ರಶ್ನೆ: ಸಾರ್, ನಮ್ಮತ್ತೆ ಮನೇಲಿ ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಅಂದ್ರೆ 40 ದಿನ ಮಾಂಸ ಮೊಟ್ಟೆ ಏನೂ ಇಲ್ಲ. ಮೊನ್ನೆ ಬಸ್ ಸ್ಟ್ಯಾಂಡ್ ಹತ್ರ ಬೇಕರೀಲಿ ಮಗು ಅರ್ಧ ಬಿಟ್ಟಿದ್ದ ಎಗ್ ಪಫ್ ಮರೆತು ತಿಂದ್ಬಿಟ್ಟೆ. ಅವತ್ತಿಂದ ಅತ್ತೆ ಸರಿಯಾಗಿ ಮಾತಾಡ್ತಿಲ್ಲ, ಇಷ್ಟು ದಿನ ಮಾಡಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು ಅಂತಾರೆ. ಚರ್ಚಲ್ಲಿ ಅಯ್ಯನೋರು ರಕ್ಷಣೆ (ಪಾಪದಿಂದ ಬಿಡುಗಡೆ) ದೇವರ ಕೃಪೆಯಿಂದ್ಲೇ ಅಂತಾರೆ, ಬೈಬಲ್ಲಲ್ಲಿ ಯಾಕೋಬ ಬರೆದ ಪತ್ರಿಕೇಲಿ ನೋಡಿದ್ರೆ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತಿದೆ. ಯಾವ್ದನ್ನ ನಂಬ್ಲಿ?
– ಹೆಸರು ಬೇಡ, ಬಂಗಾರಪೇಟೆ

ಉತ್ತರ: ಮೊದ್ಲು ಪಫ್ ವಿಷ್ಯ ಮುಗಿಸ್ಬಿಡೋಣ. ಹೋಗಲ್ಲಮ್ಮ, ಆರಾಮಾಗಿರಿ.

ಕೃಪೆನಾ ಕ್ರಿಯೆನಾ ಅನ್ನೋ ಈ ಜಗಳ ಹಿಂದೇನೂ ಊಟದ ವಿಷ್ಯಕ್ಕೇ ಬಂದಿತ್ತು ಗೊತ್ತಾ? ಅಂತಿಯೋಕ್ಯ ಅನ್ನೋ ಊರಲ್ಲಿ ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ತಾ ಇದ್ದ, ಯೆರೂಸಲೇಮಿಂದ ಯಾಕೋಬನ ಕಡೆಯೋರು ಬಂದ ತಕ್ಷಣ ಹೆದರಿ ಪಂಕ್ತಿ ಬಿಟ್ಟು ಎದ್ದ, ಯೇಸುವಿನ ಸುವಾರ್ತೆ ಸಾರ್ತಿದ್ದ ಪೌಲ ಎಲ್ಲರ ಮುಂದೇನೇ ಅವನನ್ನ ತರಾಟೆಗೆ ತಗೊಂಡ. (ಪಂಕ್ತಿಭೇದ ನಮ್ಮ ಕಡೆಯೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.) ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆ 2ನೇ ಅಧ್ಯಾಯದಲ್ಲಿ ಇದಾದ ಮೇಲೇನೇ ಯೆಹೂದ್ಯರ ಧರ್ಮಶಾಸ್ತ್ರದ ನೇಮಗಳಿಂದ ಯಾರೂ ನೀತಿವಂತರಾಗಲ್ಲ (ದೇವರ ಮುಂದೆ ಸರಿ ಅನ್ನಿಸ್ಕೊಳ್ಳಲ್ಲ) ಅನ್ನೋ ಮಾತು ಬರೋದು.

ಇನ್ನೊಂದು ಕಡೆ ಪೌಲ ಕೂಲಿ ಲೆಕ್ಕದಲ್ಲಿ ಹೇಳ್ತಾನೆ, ರೋಮಾಪುರದವರಿಗೆ 4ನೇ ಅಧ್ಯಾಯ. ನೀವು ಡೈರಿಗೆ ಹಾಲು ಹಾಕ್ತೀರ ಅಂದ್ಕೊಳ್ಳಿ, ಮಿಷಿನ್ನು ಫ್ಯಾಟ್ ತೋರಿಸತ್ತೆ, ಚೀಟಿ ಬರತ್ತೆ, ಬಿಲ್ಲಾದಾಗ ಸೆಕ್ರೆಟರಿ ದೊಡ್ಡ ಮನಸ್ಸು ಮಾಡಿ ಕೊಟ್ರು ಅಂತೀರಾ? ನಮ್ಮ ಹಾಲು, ನಮ್ಮ ದುಡ್ಡು ಅಂತೀರಿ. ದೇವರ ಹತ್ರಾನೂ 40 ದಿನದ ಚೀಟಿ ಹಿಡ್ಕೊಂಡು ನಿಂತ್ರೆ ಅದು ಬಾಕಿ ವಸೂಲಿ ಆಯ್ತು, ಕೃಪೆ ಎಲ್ಲಿ ಬಂತು.

ಹಂಗಾದ್ರೆ ಯಾಕೋಬ? ಅವನೂ ಪೌಲನೂ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡ 15:6ರ ಅದೇ ಮಾತು ಹಿಡೀತಾರೆ, ಅಬ್ರಹಾಮ ದೇವರನ್ನ ನಂಬಿದ, ಅದೇ ನೀತಿ ಅಂತ ಲೆಕ್ಕಕ್ಕೆ ಬಂತು ಅಂತ. ಪೌಲ ಹೇಳೋದು, ಇದು ಸುನ್ನತಿಗೂ ಮುಂಚೆ ಆಗಿದ್ದು, ಸುನ್ನತಿ ಬರೋದು 17ನೇ ಅಧ್ಯಾಯದಲ್ಲಿ. ಯಾಕೋಬನಾದ್ರೆ, ಅಬ್ರಹಾಮ ತನ್ನ ಮಗನನ್ನ ಅರ್ಪಿಸೋಕೆ ಹೊರಟಿದ್ದನ್ನ ತೋರಿಸ್ತಾನೆ, ನಂಬಿಕೆ ಅಲ್ಲಿ ಕೆಲ್ಸಕ್ಕೆ ಇಳೀತು ಅಂತ. ಆಮೇಲೆ ಯಾಕೋಬ ಕ್ರಿಯೆ ಅಂತ ಯಾವ್ದನ್ನ ಅಂತಾನೆ ನೋಡಿ, ಬಟ್ಟೆ ಇಲ್ಲದೆ ಹೊಟ್ಟೆಗಿಲ್ಲದೆ ಬಂದೋರಿಗೆ ಹೋಗಿ ಬೆಚ್ಚಗಿರಿ ಅಂದು ಬರಿಗೈಲಿ ಕಳಿಸಿದ್ರೆ ಏನು ಬಂತು ಅನ್ನೋದೇ ಅವನ ಉದಾಹರಣೆ. ಮೊಟ್ಟೆ ಬಿಡೋ ಸುದ್ದೀನೇ ಅಲ್ಲಿಲ್ಲ!

ಕ್ಯಾಥೊಲಿಕ್ ಸಭೆ ವಿರುದ್ಧ ನಿಂತ ಜರ್ಮನಿಯ ಲೂಥರನ ಕಾಲದಿಂದ ಇದಕ್ಕೇ ಕ್ರೈಸ್ತ ಸಭೆಗಳು ಒಡೆದಿದ್ವು, 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗಲ್ಲಿ ಕ್ಯಾಥೊಲಿಕ್ಕರು ಲೂಥರನ್ನರು ಕೂತು, ನೀತಿವಂತರಾಗೋದು ಕೃಪೆಯಿಂದ್ಲೇ, ಒಳ್ಳೇ ಕೆಲ್ಸ ಅದರ ಫಲ ಅಂತ ಸಹಿ ಹಾಕಿದ್ರು, 2006ರಲ್ಲಿ ಇನ್ನೊಂದು ಸಭೆಯೋರಾದ ಮೆಥೊಡಿಸ್ಟರೂ ಸೇರ್ಕೊಂಡ್ರು.

ಅತ್ತೆ ಉಪವಾಸ ಬಿಡ್ಲಿ ಅಂತ ನಾನು ಹೇಳ್ತಿಲ್ಲ, ಭಕ್ತಿಯಿಂದ ಮಾಡ್ತಿದ್ರೆ ಮಾಡ್ಲಿ, ನೀವೂ ಉಳಿದ ದಿನ ಮುಂದುವರಿಸಿ. ಸಂಜೆ ಇಬ್ರೂ ಕೂತು ರೋಮಾಪುರದವರಿಗೆ 14ನೇ ಅಧ್ಯಾಯ ಓದಿ, ಮೂರನೇ ವಚನ ಮಾತ್ರ ಅರ್ಧಕ್ಕೆ ನಿಲ್ಲಿಸ್ಬೇಡಿ. ತಿನ್ನದೋರು ತಿನ್ನೋರಿಗೆ ತೀರ್ಪು ಕೊಡಬಾರ್ದು ಅನ್ನೋದು ಅತ್ತೆಗೆ, ತಿನ್ನೋರು ತಿನ್ನದೋರನ್ನ ಹೀನಾಯವಾಗಿ ನೋಡಬಾರ್ದು ಅನ್ನೋದು ನಿಮಗೆ.