‘ಒಬ್ಬ ಮಾತ್ರ’ ಅಂತ ಬರೆಯಬೇಡಿ

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಸರೋವರದಾಳದ ಉಕ್ಕಿನ ಹಕ್ಕಿ’ ಓದಿದೆ. 1940ರ ಡಿಸೆಂಬರ್ 31ರಂದು ತರಬೇತಿ ಹಾರಾಟಕ್ಕೆ ಹೋಗಿ, ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ಇಳಿದು ಮುಳುಗಿದ ವೆಲ್ಲಿಂಗ್ಟನ್ ಬಾಂಬರ್ ಕತೆ, ಅಂದರೆ ಎರಡನೇ ಮಹಾಯುದ್ಧದ ಬ್ರಿಟನ್ನಿನ ಬಾಂಬ್ ಹಾಕುವ ವಿಮಾನದ ಕತೆ. ವಿಷಯ ಚೆನ್ನಾಗಿದೆ, ಬರವಣಿಗೆ ಸರಾಗವಾಗಿದೆ, ಸಾಕಷ್ಟು ಓದಿಕೊಂಡೇ ಬರೆದಿದ್ದೀರಿ. ಆದರೆ ಎರಡು ಸಾಲು ನನಗೆ ನಿದ್ದೆ ಕೊಡಲಿಲ್ಲ.

ಮೊದಲನೆಯದು: ‘ವಿಧಿಯ ಕ್ರೂರ ಆಟಕ್ಕೆ ಆ ವಿಮಾನ ಬಲಿಯಾಯಿತು.’

ವಿಧಿ ಯಾಕೆ ಬೇಕು? ಕಾರಣಗಳನ್ನೆಲ್ಲ ನೀವೇ ಕಲೆಹಾಕಿದ್ದೀರಿ. ಲೋಸಿಮೌತ್ ನೆಲೆಯಿಂದ ಹೊರಟ ಆ ವಿಮಾನ ಆಗಲೇ ದುಡಿದು ಹಣ್ಣಾಗಿತ್ತು. 1939ರ ಡಿಸೆಂಬರ್ 18ರಂದು ಜರ್ಮನಿಯ ಕರಾವಳಿಯ ಹೆಲಿಗೋಲ್ಯಾಂಡ್ ಕೊಲ್ಲಿಯ ಹಗಲು ದಾಳಿಗೆ ಹೋಗಿತ್ತು. ಜೊತೆಯಲ್ಲಿದ್ದವುಗಳಲ್ಲಿ ಅರ್ಧಕ್ಕರ್ಧ ಬಿದ್ದುಹೋದರೂ ಇದು ವಾಪಸ್ ಬಂತು. ಹೀಗೆ ಮುಂಚೂಣಿಯಿಂದ ಇಳಿಸಿದ ವಿಮಾನಗಳನ್ನೇ ತರಬೇತಿಗೆ ಕೊಡುತ್ತಿದ್ದರು. ಒಳಗಿದ್ದವರಲ್ಲಿ ದಾರಿ ಗುರುತಿಸೋದನ್ನು ಈಗಷ್ಟೇ ಕಲಿಯುತ್ತಿದ್ದ ಹುಡುಗರಿದ್ದರು. ಕೆಳಗೆ ಬೆಟ್ಟಸಾಲು, ಸುತ್ತ ಹಿಮಗಾಳಿ. ಅಷ್ಟರಲ್ಲಿ ಬಲಗಡೆಯ ಎಂಜಿನ್ ಕೈಕೊಟ್ಟಿತು. ಇದನ್ನೆಲ್ಲ ಹಾಗೇ ಬರೆಯಿರಿ. ವಿಧಿ ಅಂದುಬಿಟ್ಟರೆ ಓದುಗನಿಗೆ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ. ಆ ಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಸತ್ತವರು 55,000ಕ್ಕೂ ಜಾಸ್ತಿ. ಅವರಲ್ಲಿ 8,000ಕ್ಕೂ ಹೆಚ್ಚು ಮಂದಿಯ ಜೀವ ಹೋದದ್ದು ತರಬೇತಿಯಲ್ಲಿ, ಅಂಥದೇ ಅಪಘಾತಗಳಲ್ಲಿ. ಅಷ್ಟೂ ಮನೆಗಳಿಗೆ ವಿಧಿ ಅನ್ನೋ ಒಂದೇ ಉತ್ತರ ಕೊಡಕ್ಕಾಗುತ್ತಾ?

(‘ಉಕ್ಕಿನ ಹಕ್ಕಿ’ಯೂ ಬೇಡ. ಡ್ಯುರಾಲುಮಿನ್ ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹದ ಪಟ್ಟಿಗಳನ್ನು ಬುಟ್ಟಿಯಂತೆ ಹೆಣೆದು, ಮೇಲೆ ಬಟ್ಟೆ ಹೊದಿಸಿದ ವಿಮಾನ ಅದು.)

ಎರಡನೆಯದು: ‘ಅದೃಷ್ಟವಶಾತ್ ಒಬ್ಬ ಸೈನಿಕ ಮಾತ್ರ ಅಸುನೀಗಿದ, ಉಳಿದವರೆಲ್ಲ ಪಾರಾದರು.’

ಪದ ಪದವಾಗಿ ನೋಡೋಣ. ‘ಅದೃಷ್ಟವಶಾತ್’. ಯಾರ ಅದೃಷ್ಟ? ಸತ್ತವನ ಪಕ್ಕದಲ್ಲಿ ಆ ಪದ ಕೂರಬಾರದು. ‘ಒಬ್ಬ ಸೈನಿಕ’. ಅವನಿಗೆ ಹೆಸರಿದೆ, ಸಾರ್ಜೆಂಟ್ ಫೆನ್ಸಮ್. ಹಿಂಬದಿಯ ಗನ್ನರ್, ಅಂದರೆ ಬಾಲದ ಬಂದೂಕು ನೋಡಿಕೊಳ್ಳುವವನು. ವಿಮಾನದ ತುತ್ತತುದಿಯ ಗೂಡಿನಲ್ಲಿ, ಎಲ್ಲರಿಗೂ ಬೆನ್ನು ಹಾಕಿ, ಒಬ್ಬನೇ ಕೂರುವ ಕೆಲಸ. ಹಾರಿಕೊಳ್ಳಿ ಅಂತ ಅಪ್ಪಣೆ ಬಂತು, ಬೇರೆಯವರ ಹಾಗೆ ಅವನೂ ಹಾರಿದ. ಅವನ ಪ್ಯಾರಾಚೂಟ್ ಅವನನ್ನು ಉಳಿಸಲಿಲ್ಲ. ವಿಮಾನದಲ್ಲೇ ಉಳಿದ ಪೈಲಟ್‌ಗಳು ಮೋಡದ ಸಂದಿಯಲ್ಲಿ ಉದ್ದನೆಯ ನೀರು ಕಂಡು ಅಲ್ಲಿ ಇಳಿಸಿದ್ದು, ರಬ್ಬರ್ ದೋಣಿಯಲ್ಲಿ ದಡ ಸೇರಿದ್ದು, ಇದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಫೆನ್ಸಮ್‌ಗೆ ಅರ್ಧ ಸಾಲು.

ಇನ್ನು ‘ಮಾತ್ರ’. ನಾನು ಪತ್ರಿಕೆಗೆ ಸೇರಿ ಮೂರು ತಿಂಗಳಾಗಿತ್ತು. ಬಸ್ಸೊಂದು ನಾಲೆಗೆ ಬಿತ್ತು. ‘ತಪ್ಪಿದ ಭಾರಿ ದುರಂತ: ಒಬ್ಬ ಮಾತ್ರ ಸಾವು’ ಅಂತ ತಲೆಬರಹ ಕೊಟ್ಟೆ. ಸುದ್ದಿ ಬಂದ ಮೂರನೇ ದಿನ ಸತ್ತವನ ಅಣ್ಣ ಕಚೇರಿಗೆ ಬಂದರು. ಜಗಳ ಆಡಲಿಲ್ಲ. ನಾಲ್ಕಾಗಿ ಮಡಚಿದ್ದ ಪತ್ರಿಕೆಯನ್ನು ಅಂಗಿ ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು. ಆ ಪದದ ಮೇಲೆ ಬೆರಳಿಟ್ಟು, ‘ಇದೊಂದು ಬೇಡವಾಗಿತ್ತು ಸಾರ್’ ಅಂದರು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಅವರು ನೀರೂ ಕುಡಿಯದೆ ಹೊರಟುಹೋದರು. ನಮ್ಮ ಹಿರಿಯ ಸಂಪಾದಕರು ಆ ಪತ್ರಿಕೆಯನ್ನು ಮತ್ತೆ ಮಡಚಿ ನನ್ನ ಡ್ರಾಯರ್‌ನಲ್ಲಿ ಇಟ್ಟರು. ಮೂವತ್ತು ವರ್ಷ ಆಯ್ತು, ಈಗಲೂ ನನ್ನ ಹತ್ತಿರ ಇದೆ.

ನಿಮ್ಮ ಕೊನೆಯ ಪ್ಯಾರಾದಲ್ಲಿ ಒಂದು ಒಳ್ಳೆಯ ವಿಷಯ ಇದೆ. 1985ರಲ್ಲಿ ವಿಮಾನವನ್ನು ಮೇಲೆತ್ತಿದಾಗ, ಸುಮಾರು 45 ವರ್ಷ ನೀರಿನಲ್ಲಿದ್ದ ಬಾಲದ ದೀಪಗಳು ಬ್ಯಾಟರಿ ಕೊಟ್ಟ ಕೂಡಲೇ ಹತ್ತಿಕೊಂಡವು. ನೀವು ಅದನ್ನು ಬರೀ ಅಚ್ಚರಿ ಅಂತ ಬರೆದು ಬಿಟ್ಟಿದ್ದೀರಿ. ಹಿಂಬದಿಯ ಗನ್ನರ್ ಕೂರುತ್ತಿದ್ದದ್ದು ಆ ಬಾಲದಲ್ಲೇ ಅಲ್ವಾ? ಲೇಖನವನ್ನು ಅಲ್ಲಿಂದ ಶುರು ಮಾಡಿ. ತಿಂಗಳ ಕೊನೆಯೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ