ಮಡಚುವ ಸೈಕಲ್ಲಿನಲ್ಲಿ ದೂರದ ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಷ್ಟು ವರ್ಷ ದೊಡ್ಡ ಗಾಲಿಯ ಸಾಮಾನ್ಯ ಸೈಕಲ್ ಓಡಿಸುತ್ತಿದ್ದ ನಾನು, ರೈಲು ಬಸ್ಸುಗಳಲ್ಲಿ ಜೊತೆಗೆ ಒಯ್ಯಬಹುದೆಂಬ ಕಾರಣಕ್ಕೆ 20 ಇಂಚಿನ ಗಾಲಿಯ ಮಡಚುವ ಸೈಕಲ್ಲೊಂದನ್ನು ಈಚೆಗೆ ಕೊಂಡಿದ್ದೇನೆ. ಅದರಲ್ಲಿ ಒಂದು ವಾರದ ಪ್ರವಾಸ ಹೋಗಬೇಕೆಂಬುದು ನನ್ನ ಆಸೆ. ಆದರೆ ಒಂದು ಗಂಟೆ ಓಡಿಸುವಷ್ಟರಲ್ಲಿ ಸೀಟು ಒತ್ತತೊಡಗುತ್ತದೆ, ಕಿರುಬೆರಳಿಗೆ ಜೋಮು ಹಿಡಿಯುತ್ತದೆ, ಏರು ಹತ್ತಿದ ದಿನ ಮಂಡಿಯ ಮುಂಭಾಗ ನೋಯುತ್ತದೆ. ಹ್ಯಾಂಡಲ್ ಕೂಡ ಒಂದೆಡೆ ನಿಲ್ಲದೆ ಅತ್ತಿತ್ತ ಹೊರಳುತ್ತದೆ. ಓಡಿಸುತ್ತ ಹೋದರೆ ಎಲ್ಲವೂ ಒಗ್ಗುತ್ತದೆ ಎಂದು ಪರಿಚಿತರು ಹೇಳುತ್ತಾರೆ. ಕಾಯಬೇಕೆ, ಅಥವಾ ಈಗಲೇ ಒಳ್ಳೆಯ ಸೀಟೊಂದನ್ನು ಕೊಳ್ಳಬೇಕೆ?

ಉತ್ತರ: ನೀವು ಬರೆದಿರುವ ನಾಲ್ಕು ತೊಂದರೆಗಳಲ್ಲಿ ರೂಢಿಯಿಂದ ಕಡಿಮೆಯಾಗುವಂಥವು ಎರಡೇ: ಸೀಟಿನ ಒತ್ತು ಮತ್ತು ಹ್ಯಾಂಡಲ್ಲಿನ ಹೊರಳಾಟ. ಬೆರಳಿನ ಜೋಮು ಹಾಗೂ ಮಂಡಿಯ ನೋವು ಅಳತೆ ಎಲ್ಲೋ ತಪ್ಪಿದೆ ಎಂಬುದರ ಸೂಚನೆಗಳಾದ್ದರಿಂದ ಅವುಗಳನ್ನು ಸಹಿಸಿಕೊಂಡು ದೂರ ಹೆಚ್ಚಿಸುತ್ತ ಹೋಗಬೇಡಿ. ಹೊಸ ಸೀಟನ್ನೂ ಸದ್ಯಕ್ಕೆ ಕೊಳ್ಳಬೇಡಿ. ಅದು ಕೊನೆಗೆ ಯೋಚಿಸಬೇಕಾದ ಸಂಗತಿ.

ಮಡಚುವ ಸೈಕಲ್ಲಿಗೆ ವಿಶೇಷವಾದ ಒಂದು ತೊಡಕಿದೆ. ಸಾಮಾನ್ಯ ಸೈಕಲ್ಲಿನಲ್ಲಿ ಸೀಟನ್ನು ಒಮ್ಮೆ ಸರಿಯಾದ ಎತ್ತರದಲ್ಲಿ ಬಿಗಿದರೆ ಅದು ಅಲ್ಲಿಯೇ ಉಳಿಯುತ್ತದೆ. ಮಡಚುವ ಸೈಕಲ್ಲಿನಲ್ಲಾದರೋ ಮಡಚಿದಾಗಲೆಲ್ಲ ಸೀಟಿನ ಕಂಬ ಪೂರ್ತಿ ಕೆಳಗಿಳಿಯುತ್ತದೆ, ಕೆಲವು ಮಾದರಿಗಳಲ್ಲಿ ಹ್ಯಾಂಡಲ್ಲಿನ ಕಂಬವೂ ಇಳಿಯುತ್ತದೆ. ಮತ್ತೆ ಬಿಡಿಸುವಾಗ ಕಣ್ಣಂದಾಜಿನಲ್ಲಿ ಏರಿಸಿದರೆ ಪ್ರತಿ ಸಲವೂ ಒಂದು ಸೆಂಟಿಮೀಟರಿನಷ್ಟು ಹೆಚ್ಚುಕಡಿಮೆ ಆಗುವುದು ಸಹಜ. ಆ ಒಂದು ಸೆಂಟಿಮೀಟರ್ ಕಾಲು ಗಂಟೆಯ ಓಡಾಟದಲ್ಲಿ ಗೊತ್ತಾಗುವುದಿಲ್ಲ, ಆದರೆ ಐದು ಗಂಟೆಯ ಓಡಾಟದಲ್ಲಿ ಮಂಡಿಗೆ ಖಂಡಿತ ಗೊತ್ತಾಗುತ್ತದೆ. ಹೀಗಾಗಿ ನಿಮ್ಮ ಮೊದಲ ಕೆಲಸ ಸರಿಯಾದ ಅಳತೆಯನ್ನು ಕಂಡುಕೊಳ್ಳುವುದು, ಅದರ ಬೆನ್ನಿಗೇ ಮಾಡಬೇಕಾದ ಎರಡನೆಯ ಕೆಲಸ ಆ ಅಳತೆಗೆ ಕಂಬದ ಮೇಲೆ ಅಳಿಸದ ಗುರುತು ಹಾಕುವುದು. ಕಂಬದ ಮೇಲೆ ಅಂಕಿಗಳಿದ್ದರೆ ನಿಮ್ಮ ಅಂಕಿಯನ್ನು ನೆನಪಿಡಿ. ಇಲ್ಲದಿದ್ದರೆ ಅಳಿಸದ ಶಾಯಿಯ ಪೆನ್ನಿನಿಂದ ತೆಳುವಾದ ಗೆರೆ ಎಳೆಯಿರಿ. ಇದಕ್ಕಿಂತ ಮೇಲೆ ಎಳೆಯಕೂಡದು ಎಂದು ತಯಾರಕರೇ ಹಾಕಿರುವ ಗೆರೆಯನ್ನು ಮಾತ್ರ ಯಾವ ಕಾರಣಕ್ಕೂ ದಾಟಬೇಡಿ.

ಎತ್ತರವನ್ನು ಅಳೆಯುವ ಕ್ರಮ ಹೀಗಿದೆ. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಗಳ ಸಂದಿಗೆ ಸೀಟಿನಂತೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗಿನ ಅಳತೆ ತೆಗೆದುಕೊಳ್ಳಿ. ಅದನ್ನು 0.883ರಿಂದ ಗುಣಿಸಿದಾಗ ಬರುವ ಅಂಕಿಯೇ ಕ್ರ್ಯಾಂಕು, ಅಂದರೆ ಪೆಡಲಿನ ತೋಳು, ತಿರುಗುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ದೂರ. ಕಾಲಿನ ಅಳತೆ 80 ಸೆಂಟಿಮೀಟರ್ ಇದ್ದರೆ ಈ ದೂರ ಸುಮಾರು 70.6 ಸೆಂಟಿಮೀಟರ್ ಆಗುತ್ತದೆ. ಇದು ಆರಂಭದ ಅಂಕಿ ಮಾತ್ರ, ಏಕೆಂದರೆ ಚಪ್ಪಲಿ ಅಥವಾ ಬೂಟಿನ ಅಟ್ಟೆ, ಪೆಡಲಿನ ದಪ್ಪ, ಕ್ರ್ಯಾಂಕಿನ ಉದ್ದ ಇವೆಲ್ಲ ಅದನ್ನು ಸ್ವಲ್ಪ ಬದಲಿಸುತ್ತವೆ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾಗಬೇಕು; ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಅದೇ ಸ್ಥಾನದಲ್ಲಿ ಮಂಡಿ ತುಸುವೇ ಬಾಗಿರಬೇಕು. ತುಳಿಯುವಾಗ ಸೊಂಟ ಅತ್ತಿತ್ತ ತೂಗಿದರೆ ಸೀಟು ಎತ್ತರವಾಯಿತೆಂದು ತಿಳಿಯಿರಿ. ಮಂಡಿಯ ಮುಂಭಾಗದ ನೋವಿಗೆ ಬಹುಮಟ್ಟಿಗೆ ಸೀಟು ತಗ್ಗಾಗಿರುವುದೇ ಕಾರಣ, ಹಿಂಭಾಗದ ನೋವಿಗೆ ಸೀಟು ಎತ್ತರವಾಗಿರುವುದು ಕಾರಣ. ನಿಮ್ಮದು ಮೊದಲನೆಯ ಬಗೆಯದಾದ್ದರಿಂದ ಒಂದು ಸಲಕ್ಕೆ ನಾಲ್ಕೈದು ಮಿಲಿಮೀಟರಿನಂತೆ ಏರಿಸಿ, ಎರಡು ದಿನ ಓಡಿಸಿ, ಫಲವನ್ನು ಬರೆದಿಟ್ಟುಕೊಂಡು ಮುಂದುವರಿಯಿರಿ. ಒಂದೇ ದಿನ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ.

ಇಷ್ಟಾದರೂ ನೋವು ಉಳಿದರೆ, ಓಡಿಸುತ್ತಿರುವಾಗಲೇ ಸೀಟು ಕೆಳಗೆ ಜಾರುತ್ತಿದೆಯೇ ಎಂದು ನೋಡಿ. ಉದ್ದನೆಯ ಕಂಬವನ್ನು ಒಂದೇ ಹಿಡಿಕೆ ಬಿಗಿಹಿಡಿದಿರುವುದರಿಂದ ಈ ಜಾರುವಿಕೆ ಹೊಸ ಸೈಕಲ್ಲುಗಳಲ್ಲಿ ಅಪರೂಪವಲ್ಲ, ಮತ್ತು ಅದು ಎಷ್ಟು ನಿಧಾನವೆಂದರೆ ಕುಳಿತವರ ಅರಿವಿಗೇ ಬರುವುದಿಲ್ಲ. ಹೊರಡುವ ಮುನ್ನ ಗೆರೆ ಎಲ್ಲಿತ್ತು, ತಲುಪಿದ ಮೇಲೆ ಎಲ್ಲಿದೆ ಎಂದು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಕಂಬದ ಮೇಲಿನ ಎಣ್ಣೆ, ಜಿಡ್ಡು, ಧೂಳನ್ನು ಒಣಬಟ್ಟೆಯಿಂದ ಒರೆಸಿ ಹಿಡಿಕೆಯನ್ನು ಇನ್ನಷ್ಟು ಬಿಗಿ ಮಾಡಿಸಿ.

ಇನ್ನು ಕೈಗಳ ವಿಚಾರ. ಕಿರುಬೆರಳು ಮತ್ತು ಅದರ ಪಕ್ಕದ ಉಂಗುರದ ಬೆರಳಿಗೆ ಹೋಗುವ ನರವು ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯ ಭಾಗದಲ್ಲಿ, ಚರ್ಮಕ್ಕೆ ಸಮೀಪವಾಗಿಯೇ ಹಾದುಹೋಗುತ್ತದೆ. ದೇಹದ ಭಾರ ಅಲ್ಲಿ ಬಿದ್ದಾಗ ಜೋಮು ಹಿಡಿಯುತ್ತದೆ. ಭಾರ ಕೈಗೆ ಬರಲು ಕಾರಣ ಅನೇಕ ವೇಳೆ ಸೀಟಿನಲ್ಲಿಯೇ ಇರುತ್ತದೆ: ಒತ್ತು ತಪ್ಪಿಸಲೆಂದು ಸೀಟಿನ ಮೂತಿಯನ್ನು ಕೆಳಗೆ ಬಾಗಿಸಿದರೆ ಮೈ ಮುಂದಕ್ಕೆ ಜಾರುತ್ತ, ಆ ಜಾರುವಿಕೆಯನ್ನು ತೋಳುಗಳು ದಿನವಿಡೀ ತಡೆಯಬೇಕಾಗುತ್ತದೆ. ಸೀಟನ್ನು ಸಮತಟ್ಟಾಗಿರಿಸಿ. ಬಳಿಕ ಬ್ರೇಕಿನ ಹಿಡಿಗಳನ್ನು ತಿರುಗಿಸಿ, ಅವುಗಳ ಮೇಲೆ ಬೆರಳಿಟ್ಟಾಗ ಮಣಿಕಟ್ಟು ಮುಂಗೈಯೊಂದಿಗೆ ನೇರವಾಗಿರುವಂತೆ ಹೊಂದಿಸಿ. ಮಡಚುವ ಸೈಕಲ್ಲುಗಳಿಗೆ ಸಾಮಾನ್ಯವಾಗಿ ನೇರ ಹ್ಯಾಂಡಲ್ ಇರುವುದರಿಂದ ಕೈಗೆ ಸಿಗುವ ಹಿಡಿತ ಒಂದೇ. ಅಂಗೈಯ ಬುಡಕ್ಕೆ ಅಗಲವಾದ ಆಸರೆ ಕೊಡುವ ರೆಕ್ಕೆಯಾಕಾರದ ಗ್ರಿಪ್ಪುಗಳನ್ನೂ ತುದಿಗಳಲ್ಲಿ ಮುಂದಕ್ಕೆ ಚಾಚಿದ ಗಿಡ್ಡ ಕೊಂಬುಗಳನ್ನೂ ಹಾಕಿಸಿದರೆ ಕೈಯ ಸ್ಥಾನವನ್ನು ಆಗಾಗ ಬದಲಿಸಬಹುದು. ನಿಮ್ಮ ಹಣ ಮೊದಲು ಖರ್ಚಾಗಬೇಕಾದದ್ದು ಇಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಕಿಸುವ ಮುನ್ನ ಅವು ಮಡಚುವಿಕೆಗೆ ಅಡ್ಡಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸೈಕಲ್ಲಿನಿಂದ ಇಳಿದ ಮೇಲೂ ಬಹುಹೊತ್ತು ಜೋಮು ಉಳಿಯುವಂತಿದ್ದರೆ ವೈದ್ಯರಿಗೆ ತೋರಿಸಿ.

ನೀವು ಎತ್ತರದವರಾಗಿದ್ದರೆ ಇನ್ನೊಂದು ಅಂಶವನ್ನು ಗಮನಿಸಬೇಕು. ಸೀಟಿನ ಕಂಬ ಹಿಂದಕ್ಕೆ ವಾಲಿರುವುದರಿಂದ ಸೀಟು ಏರಿದಷ್ಟೂ ಹ್ಯಾಂಡಲ್ಲಿನಿಂದ ದೂರ ಸರಿಯುತ್ತದೆ. ಕೈಗೆಟುಕಲಿ ಎಂದು ಸೀಟನ್ನು ಮುಂದಕ್ಕೆ ತಳ್ಳಿದರೆ ಮಂಡಿಯ ತೊಂದರೆ ಮರಳಿ ಬರುತ್ತದೆ. ಅದರ ಬದಲು ಹ್ಯಾಂಡಲ್ಲಿನ ಎತ್ತರವನ್ನು ಹೊಂದಿಸಿಕೊಳ್ಳುವುದು, ಅದೂ ಸಾಲದಿದ್ದರೆ ಸವಾರನ ಕಡೆಗೆ ಬಾಗಿದ ಹ್ಯಾಂಡಲ್ ಹಾಕಿಸುವುದು ಸರಿಯಾದ ದಾರಿ.

ಹ್ಯಾಂಡಲ್ಲಿನ ಹೊರಳಾಟ ಚಿಕ್ಕ ಗಾಲಿಯ ಸ್ವಭಾವ. ಕೈಯ ಸಣ್ಣ ಚಲನೆಗೂ ಅದು ಕೂಡಲೇ ತಿರುಗುತ್ತದೆ. ಮೊಣಕೈಗಳನ್ನು ಸಡಿಲವಾಗಿಟ್ಟು ದೃಷ್ಟಿಯನ್ನು ದೂರದಲ್ಲಿ ನೆಟ್ಟರೆ ಕೆಲವೇ ದಿನಗಳಲ್ಲಿ ಅದು ಕೈಗೆ ಒಗ್ಗುತ್ತದೆ. ಒಂದು ಕೈ ಬಿಟ್ಟು ಸಂಜ್ಞೆ ಮಾಡುವುದನ್ನು ವಾಹನಗಳಿಲ್ಲದ ಜಾಗದಲ್ಲಿ ಮೊದಲೇ ಅಭ್ಯಾಸ ಮಾಡಿ. ಆದರೆ ಸ್ವಭಾವ ಯಾವುದು, ದೋಷ ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳಲೇಬೇಕು: ಮುಂದಿನ ಬ್ರೇಕನ್ನು ಒತ್ತಿಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಮಡಚುವ ಕೀಲಿನಲ್ಲಾಗಲಿ ಹ್ಯಾಂಡಲ್ಲಿನ ಬುಡದಲ್ಲಾಗಲಿ ಟಕ್ಕೆಂಬ ಸಡಿಲಿಕೆ ಕಂಡುಬಂದರೆ, ಅದನ್ನು ಬಿಗಿ ಮಾಡಿಸುವವರೆಗೆ ರಸ್ತೆಗೆ ಇಳಿಯಬೇಡಿ. ಏರಿನಲ್ಲಿ ಎದ್ದು ನಿಂತು ಹ್ಯಾಂಡಲ್ಲನ್ನು ಜಗ್ಗುತ್ತ ತುಳಿಯುವ ದೊಡ್ಡ ಸೈಕಲ್ಲಿನ ಅಭ್ಯಾಸವನ್ನೂ ಬಿಡಿ, ಹ್ಯಾಂಡಲ್ಲಿನ ಉದ್ದನೆಯ ಕಂಬ ಮತ್ತು ಅದರ ಕೀಲಿನ ಮೇಲೆ ಆ ಎಳೆತದ ಹೊರೆ ವಿಪರೀತವಾಗಿ ಬೀಳುತ್ತದೆ.

ಹಾಗಾದರೆ ಏರು ಹತ್ತುವುದು ಹೇಗೆ ಎಂದು ನೀವು ಕೇಳಬಹುದು. ಗೇರಿನಿಂದ. ಪೇಟೆಯ ಓಡಾಟಕ್ಕೆಂದು ಮಾಡಿದ 20 ಇಂಚಿನ ಸೈಕಲ್ಲುಗಳಲ್ಲಿ ಮುಂದೆ ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 52 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ 28 ಹಲ್ಲು ಇರುವುದುಂಟು. ಈ ಗಾಲಿಯ ಸುತ್ತಳತೆ ಸುಮಾರು 1.5 ಮೀಟರ್. ಅಂದರೆ ಅತಿ ಹಗುರ ಗೇರಿನಲ್ಲಿಯೂ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.8 ಮೀಟರ್ ಸಾಗುತ್ತದೆ. ಸಾಮಾನು ಹೊತ್ತು ಏರು ಹತ್ತುವವರಿಗೆ ಇದು ಬಹಳ ಭಾರ. ಮುಂದೆ 42, ಹಿಂದೆ 32 ಹಲ್ಲುಗಳಿದ್ದರೆ ಅದು 2 ಮೀಟರಿಗೆ ಇಳಿಯುತ್ತದೆ, ಕುಳಿತೇ ಏರಲು ಸಾಧ್ಯವಾಗುತ್ತದೆ. ಬಯಲಿನಲ್ಲಿ ವೇಗ ಕೊಂಚ ಕಡಿಮೆಯಾಗುವುದನ್ನು ಪ್ರವಾಸಿಗರು ಲೆಕ್ಕಿಸಬೇಕಾಗಿಲ್ಲ. ಚೈನಿನ ಉದ್ದ ಮತ್ತು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರಿನ ಕೈ ಈ ಬದಲಾವಣೆಗೆ ಹೊಂದುತ್ತವೆಯೇ ಎಂದು ಮೆಕ್ಯಾನಿಕ್ಕರಿಂದ ಪರೀಕ್ಷೆ ಮಾಡಿಸಿ. ನಿಮ್ಮ ಮಂಡಿನೋವು ಏರಿನ ದಿನವೇ ಕಾಣಿಸಿಕೊಳ್ಳುವುದರಿಂದ ಸೀಟಿನ ಎತ್ತರದಷ್ಟೇ ಗೇರಿನ ಪಾತ್ರವೂ ಅದರಲ್ಲಿದೆ ಎಂದು ನನಗನ್ನಿಸುತ್ತದೆ.

ಮೈ ಕುಲುಕುವುದಕ್ಕೆ ಟೈರೇ ಔಷಧ. ದೊಡ್ಡ ಗಾಲಿ ಹಾರಿಹೋಗುವ ಗುಂಡಿಯೊಳಕ್ಕೆ ಚಿಕ್ಕ ಗಾಲಿ ಇಳಿದು ಏಳುತ್ತದೆ. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಅವರು ಚಿಕ್ಕ ಗಾಲಿಯ ಸೈಕಲ್ಲನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಹಿಂದೆ ಮುಂದೆ ಸಸ್ಪೆನ್ಷನ್ ಕೊಟ್ಟಿದ್ದು ಈ ಕಾರಣದಿಂದಲೇ. ನಿಮ್ಮ ಸೈಕಲ್ಲಿನಲ್ಲಿ ಆ ಕೆಲಸವನ್ನು ಟೈರಿನೊಳಗಿನ ಗಾಳಿ ಮಾಡಬೇಕು. ಟೈರಿನ ಪಕ್ಕದಲ್ಲಿ 47-406 ಎಂಬಂತೆ ಅಚ್ಚಾಗಿರುವ ಅಂಕಿಗಳಲ್ಲಿ ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಮಿಲಿಮೀಟರಿನಲ್ಲಿ. 20 ಇಂಚೆಂದು ಮಾರಾಟವಾಗುವ ಗಾಲಿಗಳಲ್ಲಿ 406 ಮತ್ತು 451 ಎಂಬ ಎರಡು ಬಗೆಗಳಿದ್ದು, ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಅಗಲ ಟೈರುಗಳು ಹೆಚ್ಚಾಗಿ ಸಿಗುವುದು 406ಕ್ಕೆ. ಫ್ರೇಮಿನಲ್ಲಿ ಜಾಗವಿರುವಷ್ಟು ಅಗಲದ್ದನ್ನು ಹಾಕಿಸಿ, ಅಚ್ಚಾಗಿರುವ ಗರಿಷ್ಠ ಮಟ್ಟಕ್ಕೆ ಗಾಳಿ ತುಂಬದೆ ಅದಕ್ಕಿಂತ ಕಡಿಮೆ ಇರಿಸಿ.

ಇಷ್ಟೆಲ್ಲ ಮಾಡಿ ಎರಡು ಮೂರು ವಾರ ಓಡಿಸಿದ ಬಳಿಕವೂ ಸೀಟು ಒತ್ತುತ್ತಿದ್ದರೆ ಆಗ ಬದಲಿಸಿ. ದಪ್ಪ ಮೆತ್ತೆಯ ಸೀಟಿಗೆ ಮನಸೋಲಬೇಡಿ. ಕುಳಿತಾಗ ಭಾರ ಹೊರುವ ಎರಡು ಮೂಳೆಗಳು ಮೆತ್ತೆಯೊಳಕ್ಕೆ ಹೂತುಹೋಗಿ, ಅವುಗಳ ನಡುವಿನ ಮೃದುವಾದ ಭಾಗಕ್ಕೆ ಒತ್ತು ಬೀಳುತ್ತದೆ. ಆ ಮೂಳೆಗಳ ನಡುವಿನ ಅಂತರಕ್ಕೆ ತಕ್ಕ ಅಗಲವಿದ್ದು, ಸ್ವಲ್ಪ ಗಟ್ಟಿಯಾಗಿರುವ ಸೀಟು ದೂರದ ಹಾದಿಗೆ ಮೇಲು. ಸೈಕಲ್ ಸವಾರರ ಮೆತ್ತೆಯ ಚಡ್ಡಿಯನ್ನು ಒಳಉಡುಪಿಲ್ಲದೆ ಧರಿಸಿದರೆ ಹೊಲಿಗೆಗಳು ಉಜ್ಜಿ ಚರ್ಮ ಕೆಂಪಾಗುವುದು ತಪ್ಪುತ್ತದೆ.

ಪ್ರಶ್ನೆ: ನನ್ನ ಮಡಚುವ ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಚೀಲಗಳನ್ನು ತೂಗುಹಾಕಿದರೆ ಹಿಮ್ಮಡಿ ತಾಗುತ್ತದೆ. ಬೆನ್ನಿಗೆ ಹಾಕಿಕೊಂಡು ಹೋಗಬಹುದೇ?

ಉತ್ತರ: ಬೇಡ. ಬೆನ್ನಿನ ಚೀಲದ ಪೂರ್ತಿ ಭಾರ ಸೀಟಿನ ಮೂಲಕ ನಿಮ್ಮ ಮೈಗೇ ಬರುತ್ತದೆ, ಹೆಗಲು ಮತ್ತು ಕುತ್ತಿಗೆ ಮೊದಲ ದಿನವೇ ಸೋಲುತ್ತವೆ. ಚಿಕ್ಕ ಗಾಲಿಯ ಫ್ರೇಮಿನಲ್ಲಿ ಪೆಡಲಿಗೂ ಹಿಂದಿನ ಗಾಲಿಗೂ ನಡುವೆ ಅಂತರ ಕಡಿಮೆ ಇರುವುದರಿಂದ ಹಿಮ್ಮಡಿ ತಾಗುತ್ತದೆ. ಕ್ಯಾರಿಯರ್ ಮೇಲೆ ಚೀಲಗಳನ್ನು ಆದಷ್ಟು ಹಿಂದಕ್ಕೆ ಸರಿಸಿ ಕಟ್ಟಿ, ಅಥವಾ ಕಿರಿದಾದ ಚೀಲಗಳನ್ನು ಬಳಸಿ, ಭಾರವಾದ ವಸ್ತುಗಳ ಒಂದು ಪಾಲನ್ನು ಮುಂಭಾಗಕ್ಕೆ ತನ್ನಿ. ಅನೇಕ ಮಡಚುವ ಸೈಕಲ್ಲುಗಳಲ್ಲಿ ಹ್ಯಾಂಡಲ್ಲಿಗೆ ಬದಲಾಗಿ ಫ್ರೇಮಿನ ಮುಂತುದಿಗೇ ಚೀಲ ಸಿಕ್ಕಿಸುವ ಏರ್ಪಾಡು ಇರುತ್ತದೆ. ಇದು ಅತ್ಯುತ್ತಮ, ಏಕೆಂದರೆ ಗಾಲಿ ತಿರುಗಿದರೂ ಚೀಲ ತಿರುಗುವುದಿಲ್ಲ, ಮತ್ತು ಮುಂಗಾಲಿಯ ಮೇಲೆ ಸ್ವಲ್ಪ ಭಾರವಿದ್ದರೆ ಸೈಕಲ್ ಇನ್ನಷ್ಟು ಸ್ಥಿರವಾಗಿ ಓಡುತ್ತದೆ. ಸವಾರ ಮತ್ತು ಸಾಮಾನು ಸೇರಿ ಎಷ್ಟು ತೂಕ ಇರಬಹುದೆಂಬ ಮಿತಿಯನ್ನು ಸೈಕಲ್ಲಿನ ಕೈಪಿಡಿಯಲ್ಲಿ ನೋಡಿ ಅದರೊಳಗೆ ಉಳಿಯಿರಿ. ಹೊರಡುವುದಕ್ಕೆ ಮೊದಲು ಪೂರ್ತಿ ಸಾಮಾನಿನೊಡನೆ ಸತತ ಎರಡು ದಿನ ಓಡಿಸಿ ನೋಡುವುದು ಅಗತ್ಯ, ಏಕೆಂದರೆ ಮೊದಲ ದಿನ ಮರೆಯಾಗಿರುವ ನೋವು ಎರಡನೆಯ ದಿನ ಬೆಳಗ್ಗೆ ಸೀಟಿನ ಮೇಲೆ ಕುಳಿತ ಕೂಡಲೇ ತಿಳಿಯುತ್ತದೆ.

ಪ್ರಶ್ನೆ: ಉದ್ದನೆಯ ಇಳಿಜಾರು ಇಳಿದ ಮೇಲೆ ನನ್ನ ಸೈಕಲ್ಲಿನ ರಿಮ್ ಕೈ ಸುಡುವಷ್ಟು ಬಿಸಿಯಾಗಿತ್ತು. ಇದು ದೋಷವೇ?

ಉತ್ತರ: ದೋಷವಲ್ಲ, ಆದರೆ ಎಚ್ಚರಿಕೆ ಬೇಕು. ಚಿಕ್ಕ ರಿಮ್ಮಿನಲ್ಲಿ ಲೋಹವೂ ಕಡಿಮೆ, ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಕಡಿಮೆ ಇರುವುದರಿಂದ ಬ್ರೇಕಿನ ಕಾವು ಬೇಗ ಏರಿ ನಿಧಾನವಾಗಿ ಇಳಿಯುತ್ತದೆ, ಅತಿಯಾದರೆ ಟ್ಯೂಬಿಗೆ ಅಪಾಯ. ಬ್ರೇಕನ್ನು ಎಡೆಬಿಡದೆ ಒತ್ತಿಹಿಡಿಯದೆ, ಆಗಾಗ ಬಲವಾಗಿ ಒತ್ತಿ ವೇಗ ತಗ್ಗಿಸಿ ಮತ್ತೆ ಪೂರ್ತಿ ಬಿಡಿ. ಇಳಿಜಾರು ದೀರ್ಘವಾಗಿದ್ದು ಸಾಮಾನೂ ಹೆಚ್ಚಿದ್ದರೆ ನಡುವೆ ನಿಂತು ರಿಮ್ ತಣ್ಣಗಾದ ಮೇಲೆ ಮುಂದುವರಿಯಿರಿ.