ಮೊದಲು ಎತ್ತಿ ನೋಡಿ, ಆಮೇಲೆ ತುಳಿದು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ಮನೆಯಂಥ ಗಾಡಿ) ಜೊತೆ ಎಲೆಕ್ಟ್ರಿಕ್ ಸೈಕಲ್ ಒಯ್ಯಬೇಕು, ಯಾವುದು ತಗೊಳ್ಳಲಿ ಅಂತ. ನಾನೂ ನಮ್ಮವರೂ ಹನ್ನೊಂದು ವರ್ಷದಿಂದ ಹೀಗೆ ತಿರುಗುತ್ತಿದ್ದೇವೆ. ಈಗಿರುವುದು ಮೂರನೇ ಜೊತೆ ಸೈಕಲ್. ಮೊದಲ ಎರಡು ಜೊತೆ ನೋಡಿ ಆರಿಸದೆ ಕೊಂಡಿದ್ದು. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಆಡುವ ಯೋಗ್ಯತೆ ನನಗಿದೆ ಅಂದುಕೊಳ್ಳಿ.

*ಅಕ್ಕಾ, ನಾನು, ನನ್ನ ಹೆಂಡತಿ ಇಬ್ಬರೂ ಅರವತ್ತು ದಾಟಿದವರು. ನಮ್ಮದು ಏಳು ಮೀಟರ್ ಉದ್ದದ ಗಾಡಿ. ಒಂದು ಕಡೆ ನಿಲ್ಲಿಸಿದ ಮೇಲೆ ಸಾಮಾನು ತರೋಕೂ ಅದನ್ನೇ ತೆಗೆಯಬೇಕು. ಅಂಗಡಿಯವರು ದಪ್ಪ ಟೈರಿನ ಮಡಚುವ ಇ-ಸೈಕಲ್ ತೋರಿಸಿ, "ಮಡಚುತ್ತೆ, ಎಲ್ಲಿ ಬೇಕಾದರೂ ಇಡಬಹುದು" ಅಂದರು. ತಗೊಳ್ಳಬಹುದಾ?*

ಮಡಚುತ್ತೆ ಅನ್ನೋದು ನಿಜ. ಎಲ್ಲಿ ಬೇಕಾದರೂ ಇಡಬಹುದು ಅನ್ನೋದನ್ನು ನಂಬಬೇಡಿ.

ನಮ್ಮ ಮೊದಲ ಜೊತೆ ಇಂಥದ್ದೇ. ನಾಲ್ಕು ಇಂಚು ಅಗಲದ ಟೈರು, ಒಂದೊಂದು 31 ಕೆ.ಜಿ. ಮಡಚಿದ ಸೈಕಲ್ಲಿಗೆ ಹಿಡಿಯೋಕೆ ಸರಿಯಾದ ಜಾಗವೇ ಇರುವುದಿಲ್ಲ. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತೆ, ಪೆಡಲ್ ಬಂದು ಮೊಣಕಾಲ ಚಿಪ್ಪಿಗೆ ಬಡಿಯುತ್ತೆ. ಗಾಡಿಯ ಹಿಂದಿನ ಡಿಕ್ಕಿಯೊಳಗೆ ಹೋದವು, ಆದರೆ ಕುರ್ಚಿ, ಮೇಜು, ನೀರಿನ ಪೈಪು ಎಲ್ಲ ಹೊರಗೆ ಬಂತು. ಆಮೇಲೆ ಹಿಂಬದಿಗೆ ಒಂದು ರ‍್ಯಾಕ್ ಹಾಕಿಸಿ, ಮಡಚದೆ ಅದರ ಮೇಲೆ ಕೂರಿಸಿದೆವು. ಮಡಚುವ ಸೈಕಲ್ ಕೊಂಡು ಮಡಚದೆ ಇಟ್ಟವರು ನಾವು. ಆ ರ‍್ಯಾಕಿನ ಕಂಬಿ ನನ್ನ ಎದೆಮಟ್ಟಕ್ಕಿತ್ತು. 19 ದಿನದ ಪ್ರವಾಸದಲ್ಲಿ ಸೈಕಲ್ ಕೆಳಗಿಳಿಸಿದ್ದು ಮೂರೇ ಸಲ. ಮೂರನೇ ಸಲ ಇಳಿಸಿದ್ದು ಪಕ್ಕದ ಗಾಡಿಯ ಹುಡುಗರು.

ವಾಪಸ್ ಬಂದ ಮೇಲೆ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆವು. ಹೊರಡೋಕೆ ಮುಂಚೆ ಮಾಡಬೇಕಿದ್ದ ಕೆಲಸ ಅದು. ಲೆಕ್ಕ ಹೇಳುತ್ತೇನೆ, ನಿಮ್ಮ ಗಾಡಿಗೂ ಬೇಕಾಗುತ್ತೆ. ನಮ್ಮ ಗಾಡಿ ಒಟ್ಟು 3500 ಕೆ.ಜಿ. ತನಕ ತೂಗಬಹುದು. ನೀರು, ಸಾಮಾನು, ನಾವಿಬ್ಬರು ಸೇರಿ 3390 ಇತ್ತು. ಸೈಕಲ್ ಎರಡಕ್ಕೆ 62, ರ‍್ಯಾಕಿಗೆ 18, ಒಟ್ಟು 80. ಸೇರಿಸಿದರೆ 3470. ಸರಿ ಇದೆ ಅಲ್ವಾ? ಇಲ್ಲ. ರ‍್ಯಾಕ್ ಇರುವುದು ಹಿಂದಿನ ಆಕ್ಸಲ್‌ಗಿಂತ 2.2 ಮೀಟರ್ ಹಿಂದೆ (ಆಕ್ಸಲ್ ಅಂದರೆ ಎಡಬಲದ ಚಕ್ರ ಜೋಡಿಸುವ ಅಚ್ಚು). ಎರಡು ಆಕ್ಸಲ್ ನಡುವೆ 4 ಮೀಟರ್. ಏತದ ಒಂದು ತುದಿ ಅದುಮಿದರೆ ಇನ್ನೊಂದು ತುದಿ ಏಳುವ ಹಾಗೆ, ಹಿಂದೆ ನೇತುಹಾಕಿದ 80 ಕೆ.ಜಿ. ಮುಂದಿನ ಚಕ್ರದಿಂದ 44 ಕೆ.ಜಿ. ಭಾರ ಎತ್ತಿಬಿಡುತ್ತೆ. ಆ 44 ಕೂಡ ಹಿಂದಕ್ಕೇ ಬಂದು ಸೇರುತ್ತೆ. ಅಂದರೆ ಹಿಂದಿನ ಆಕ್ಸಲ್ ಮೇಲೆ ಜಾಸ್ತಿಯಾಗಿದ್ದು 80 ಅಲ್ಲ, 124. ಅದರ ಮಿತಿ 2000, ಮೊದಲೇ 1910 ಇತ್ತು. ಒಟ್ಟು ತೂಕ ಮಿತಿಯೊಳಗೇ ಇದ್ದರೂ ಹಿಂದಿನ ಆಕ್ಸಲ್ 34 ಕೆ.ಜಿ. ಮೀರಿತ್ತು. ಒದ್ದೆ ಹುಲ್ಲಿನ ಮೇಲೆ ನಮ್ಮ ಮುಂದಿನ ಚಕ್ರ ಸುಮ್ನೆ ತಿರುಗುತ್ತಾ ನಿಂತಿದ್ದು ಯಾಕೆ ಅಂತ ಅವತ್ತು ಗೊತ್ತಾಯಿತು. ಗಾಡಿ ಎಳೆಯುವುದೇ ಮುಂದಿನ ಚಕ್ರ. ಇನ್ನು ರ‍್ಯಾಕಿನ ಮೇಲೆ "60 ಕೆ.ಜಿ. ಮಾತ್ರ" ಅಂತ ಚೀಟಿ ಅಂಟಿಸಿತ್ತು. ನಾವು ಓದಿರಲಿಲ್ಲ.

ಆದ್ದರಿಂದ ಅಂಗಡಿಗೆ ಆಮೇಲೆ ಹೋಗಿ. ಮೊದಲು ಗಾಡಿ ತುಂಬಿಸಿ ತೂಗಿಸಿ, ಎರಡೂ ಆಕ್ಸಲ್ ಬೇರೆ ಬೇರೆಯಾಗಿ. ಆಮೇಲೆ ಟೇಪು ಹಿಡಿದು ಸೈಕಲ್ ಎಲ್ಲಿ ಇಡುತ್ತೀರೋ ಆ ಜಾಗ ಅಳೆಯಿರಿ. ಡಿಕ್ಕಿಯಾದರೆ ಒಳಗಿನ ಎತ್ತರ ಅಳೆದರೆ ಸಾಲದು, ಬಾಗಿಲಿನ ಎತ್ತರವೇ ಮುಖ್ಯ. ಹ್ಯಾಂಡಲ್ ಅಡ್ಡಕ್ಕೆ ತಿರುಗಿಸಿ ಇಡುವ ಹಾಗೆ ಇದ್ದರೆ, ಪೆಡಲ್ ಮಡಚುವ ಹಾಗಿದ್ದರೆ ಎಷ್ಟೋ ಅನುಕೂಲ. ನಿಮ್ಮ ವಯಸ್ಸಿಗೆ ನಾನು ಹೇಳುವುದು 20 ಇಂಚಿನ ಚಕ್ರದ, 20 ಕೆ.ಜಿ. ಆಸುಪಾಸಿನ ಸೈಕಲ್. ಕಾಲು ಎತ್ತಿ ಹಾಕದೆ ಹತ್ತುವ ತಗ್ಗು ಫ್ರೇಮು ಇರಲಿ. ಅದನ್ನು ರ‍್ಯಾಕಿಗೆ ಕಟ್ಟುವುದಾದರೆ ಮೇಲೆ ಒಂದು ಅಡ್ಡ ಕಂಬಿ ಸಿಕ್ಕಿಸಬೇಕಾಗಬಹುದು, ಅದು ಬೇರೆಯಾಗಿ ಸಿಗುತ್ತೆ. ಕಾರ್ಬನ್ ಫ್ರೇಮನ್ನು ಮಾತ್ರ ರ‍್ಯಾಕಿನ ಹಿಡಿಗೆ ಸಿಕ್ಕಿಸಿ ಬಿಗಿಯಬೇಡಿ, ಬಿರುಕು ಬಿಡುತ್ತೆ.

ಅಂಗಡಿಯಲ್ಲಿ ಬ್ಯಾಟರಿ ತೆಗೆಸಿ. ಎರಡೂವರೆ, ಮೂರು ಕೆ.ಜಿ. ಅಲ್ಲೇ ಇಳಿಯುತ್ತೆ. ಈಗ ಸೈಕಲನ್ನು ಸೊಂಟದ ಮಟ್ಟಕ್ಕೆ ಎತ್ತಿ, ಇಳಿಸಿ. ಮೂರು ಸಲ. ನೀವಷ್ಟೇ ಅಲ್ಲ, ನಿಮ್ಮ ಮನೆಯವರೂ ಎತ್ತಲಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ತುಳಿದು ನೋಡುವುದು ಅದಾದ ಮೇಲೆ.

*ಮೇಡಂ, ಚಕ್ರದೊಳಗೇ ಮೋಟರ್ ಇರುವುದು ಒಳ್ಳೆಯದಾ, ಪೆಡಲ್ ಹತ್ತಿರ ಇರುವುದಾ? ಪೆಡಲ್ ತುಳಿಯದೆ ಓಡುವ ಥ್ರಾಟಲ್ ಬೇಕಾ?*

ನಿಲ್ಲಿಸಿದ ಜಾಗದ ಸುತ್ತ ಹತ್ತು ಹನ್ನೆರಡು ಕಿ.ಮೀ. ಸಮತಟ್ಟಾದ ದಾರಿಯಲ್ಲಿ ತಿರುಗೋಕೆ ಚಕ್ರದೊಳಗಿನ ಹಬ್ ಮೋಟರ್ ಧಾರಾಳ ಸಾಕು. ಹಗುರ, ಸರಳ. ಹೊಸ ಸಂಗತಿಯೂ ಅಲ್ಲ, ಹಿಂದಿನ ಚಕ್ರದ ಹಬ್ಬಿನಲ್ಲಿ ಮೋಟರ್ ಇಟ್ಟ ಸೈಕಲ್ಲಿಗೆ ಅಮೆರಿಕದಲ್ಲಿ 1895ರಲ್ಲೇ ಪೇಟೆಂಟ್ ಕೊಟ್ಟಿದ್ದರು. ಉದ್ದನೆಯ ಏರು ಹತ್ತುವವರಿಗೆ ಪೆಡಲ್ ಹತ್ತಿರದ ಮೋಟರ್ ಮೇಲು. ಅದರ ಬಲ ಚೈನು, ಗೇರುಗಳ ಮೂಲಕವೇ ಹೋಗುತ್ತೆ. ನೀವು ಗೇರು ಇಳಿಸಿದರೆ ಮೋಟರಿಗೂ ಹಗುರವಾಗುತ್ತೆ. ಹಬ್ ಮೋಟರಿಗೆ ಆ ಅನುಕೂಲವಿಲ್ಲ, ಕಡಿದಾದ ಏರಿನಲ್ಲಿ ನಿಧಾನವಾಗಿ ಹತ್ತಿಸಿದರೆ ಬಿಸಿಯಾಗುತ್ತೆ. ಮೋಟರ್ ಇರುವ ಚಕ್ರ ಪಂಕ್ಚರ್ ಆದರೆ ಒಂದು ದೊಡ್ಡ ಸ್ಪ್ಯಾನರ್ ಬೇಕು, ವೈರಿನ ಕನೆಕ್ಟರ್ ಬಿಚ್ಚಬೇಕು. ಮನೆಯಲ್ಲೇ ಒಂದು ಸಲ ಬಿಚ್ಚಿ ಹಾಕಿ ಕಲಿತುಕೊಳ್ಳಿ.

ಮೋಟರಿಗಿಂತ ಹೆಚ್ಚಾಗಿ ಸೆನ್ಸರ್ ಬಗ್ಗೆ ಕೇಳಿ. ಯಾರೂ ಕೇಳುವುದಿಲ್ಲ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಪೆಡಲ್ ತಿರುಗಿತೋ ಇಲ್ಲವೋ ಅನ್ನೋದನ್ನಷ್ಟೇ ನೋಡುವ ಸೆನ್ಸರ್ ಇರುತ್ತೆ. ಕಾಲು ಸ್ವಲ್ಪ ತಿರುಗಿಸಿದ್ದೇ ತಡ, ಸೈಕಲ್ ಗಕ್ಕನೆ ಮುಂದೆ ನುಗ್ಗುತ್ತೆ. ಖಾಲಿ ರಸ್ತೆಯಲ್ಲಿ ಪರವಾಗಿಲ್ಲ. ಗಾಡಿಗಳು ಸಾಲಾಗಿ ನಿಂತ, ಮಕ್ಕಳು ಓಡಾಡುವ, ಡೇರೆಯ ಹಗ್ಗ ಕಟ್ಟಿದ ಕ್ಯಾಂಪಿನೊಳಗೆ ಕಷ್ಟ. ನಮ್ಮ ಎರಡನೇ ಜೊತೆ ಮಾರಿದ್ದೇ ಇದರಿಂದ. ಒಬ್ಬರ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಹೋಗಿ ಗುದ್ದಿದ್ದೆ. ನೀವು ಎಷ್ಟು ಬಲ ಹಾಕಿ ತುಳಿಯುತ್ತೀರಿ ಅಂತ ಅಳೆಯುವ ಟಾರ್ಕ್ ಸೆನ್ಸರ್ ಇದ್ದರೆ ಮೆಲ್ಲಗೆ ತುಳಿದಾಗ ಮೆಲ್ಲಗೇ ಹೋಗುತ್ತೆ.

ಥ್ರಾಟಲ್ ವಿಷಯಕ್ಕೆ ಬಂದರೆ, ನೀವು ಗಡಿ ದಾಟುತ್ತೀರಾ ನೋಡಿಕೊಳ್ಳಿ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 250 ವಾಟ್, ಗಂಟೆಗೆ 25 ಕಿ.ಮೀ. ಮೇಲೆ ಮೋಟರ್ ಸಹಾಯ ನಿಲ್ಲಬೇಕು, ಪೆಡಲ್ ತುಳಿದರಷ್ಟೇ ಓಡಬೇಕು. ಇಷ್ಟಿದ್ದರೆ ಮಾತ್ರ ಅದು ಸೈಕಲ್. ಅಮೆರಿಕದಲ್ಲಿ 750 ವಾಟ್ ತನಕ ಬಿಡುತ್ತಾರೆ. ಅಲ್ಲಿ ಸೈಕಲ್ ಅನ್ನಿಸಿಕೊಂಡದ್ದು ಯುರೋಪಿನಲ್ಲಿ ಮೋಪೆಡ್ ಆಗಿ ಲೈಸೆನ್ಸು, ವಿಮೆ ಕೇಳಬಹುದು.

*ಅಕ್ಕಾ, ನಮ್ಮ ಗಾಡಿಯಲ್ಲಿ 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಆ್ಯಸಿಡ್ ಬ್ಯಾಟರಿ, ಚಾವಣಿ ಮೇಲೆ 100 ವಾಟ್ ಸೋಲಾರ್, ಒಂದು ಚಿಕ್ಕ ಇನ್ವರ್ಟರ್ ಇದೆ. ಕರೆಂಟ್ ಸಿಗದ ಕಡೆ ಎರಡು ಸೈಕಲ್ ಚಾರ್ಜ್ ಮಾಡಿಕೊಳ್ಳಬಹುದಾ?*

ನಿಮ್ಮ ಪತ್ರ ಓದಿ ನಗು ಬಂತು. ನಮ್ಮ ಮೊದಲ ಗಾಡಿಯಲ್ಲಿ ಇದ್ದದ್ದೂ ಇಷ್ಟೇ. ಕರೆಂಟಿಲ್ಲದ ಜಾಗದಲ್ಲಿ ಮೊದಲ ರಾತ್ರಿ ಎರಡೂ ಸೈಕಲ್ಲಿನ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಿದೆವು. ನಡುರಾತ್ರಿ ಇನ್ವರ್ಟರ್ ಕೀಂಯ್ ಅಂತ ಒಂದೇ ಸಮನೆ ಕೂಗೋಕೆ ಶುರು ಮಾಡಿತು. ಬೆಳಿಗ್ಗೆ ನಮ್ಮವರ ಬಾಯಿ ತುಂಬ ಪೇಸ್ಟಿನ ನೊರೆ, ನಲ್ಲಿಯಲ್ಲಿ ಹನಿ ನೀರಿಲ್ಲ. ನೀರಿನ ಪಂಪೂ ಅದೇ ಬ್ಯಾಟರಿಯ ಮೇಲೆ ಓಡಬೇಕಲ್ಲ.

ಲೆಕ್ಕ ಹಾಕೋಣ. ಸೈಕಲ್ ಬ್ಯಾಟರಿ ಮೇಲೆ 36 ವೋಲ್ಟ್, 14 ಆಂಪಿಯರ್-ಅವರ್ ಅಂತಿದ್ದರೆ ಎರಡನ್ನೂ ಗುಣಿಸಿ: 504 ವಾಟ್-ಅವರ್. ಇನ್ವರ್ಟರ್, ಚಾರ್ಜರ್ ಎರಡೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಪೂರ್ತಿ ತುಂಬಿಸೋಕೆ ಗಾಡಿ ಬ್ಯಾಟರಿಯಿಂದ 600 ಹೋಗುತ್ತೆ ಅಂದುಕೊಳ್ಳಿ. ನಿಮ್ಮ ಬ್ಯಾಟರಿಯಲ್ಲಿ ಇರುವುದು 1200. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತೆ, ಹಾಗಾಗಿ ಬಳಸಬಹುದಾದದ್ದು 600. ಅಂದರೆ ಒಂದು ಸೈಕಲ್ ಒಂದು ಸಲ ತುಂಬಿಸಿದರೆ ಮುಗೀತು. ಸೋಲಾರ್ ಒಳ್ಳೆ ಬಿಸಿಲಿದ್ದರೆ ದಿನಕ್ಕೆ 300ರಿಂದ 400 ಕೊಡಬಹುದು. ಅದರಲ್ಲಿ ದೀಪ, ಪಂಪು, ಫೋನು ಎಲ್ಲದಕ್ಕೂ ಪಾಲು.

ದಾರಿ ಇಲ್ಲ ಅಂತಲ್ಲ. ಗಾಡಿ ಓಡುವಾಗ ಎಂಜಿನ್ ಹೇಗೂ ಬ್ಯಾಟರಿ ತುಂಬಿಸುತ್ತಿರುತ್ತೆ. ಆಗ ಚಾರ್ಜ್ ಮಾಡಿ. 2 ಆಂಪಿಯರ್ ಚಾರ್ಜರ್ ಆದರೆ ಒಂದು ಬ್ಯಾಟರಿ ತುಂಬೋಕೆ ಏಳು ಗಂಟೆ ಬೇಕು. 4 ಆಂಪಿಯರಿನದು ನಿಮ್ಮ ಸೈಕಲ್ಲಿಗೆ ಒಪ್ಪುತ್ತಾ ಅಂತ ತಯಾರಕರನ್ನೇ ಕೇಳಿ ತಗೊಳ್ಳಿ. ಎರಡು ಗಂಟೆ ಓಡಿಸುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬಿರುತ್ತೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಲಿ, ಅಂದರೆ ಮನೆಯ ಕರೆಂಟಿನ ಹಾಗೆ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು.

ಇನ್ನೊಂದು ಮಾತು. ದಿನಾ ಪೂರ್ತಿ ತುಂಬಿಸಲೇಬೇಕು ಅಂತ ಯಾರು ಹೇಳಿದ್ದು? ನಾವು ಸಾಧಾರಣ ತುಳಿದರೆ ಕಿ.ಮೀ.ಗೆ 10 ವಾಟ್-ಅವರ್ ಆಸುಪಾಸು ಖರ್ಚಾಗುತ್ತೆ. 15 ಕಿ.ಮೀ. ಸುತ್ತಿ ಬಂದರೆ 150 ಹಾಕಿದರೆ ಆಯಿತು. ಆಮೇಲೆ ಎರಡೂ ಸೈಕಲ್ ಒಂದೇ ಮಾದರಿಯದು ತಗೊಳ್ಳಿ. ಒಂದೇ ಚಾರ್ಜರ್ ಸಾಕು, ಒಬ್ಬರ ಬ್ಯಾಟರಿ ಇನ್ನೊಬ್ಬರ ಸೈಕಲ್ಲಿಗೆ ಕೂರುತ್ತೆ.

*ಹೆದ್ದಾರಿಯಲ್ಲಿ ಹೋಗುವಾಗ ಬ್ಯಾಟರಿ ಸೈಕಲ್ಲಿನಲ್ಲೇ ಬಿಡಬಹುದಾ? ಬೆಂಕಿಯ ಭಯ ಇದೆ.*

ಬಿಡಬೇಡಿ. ಬ್ಯಾಟರಿ ತೆಗೆದು ಒಳಗಿಡಿ. ರ‍್ಯಾಕಿನ ಭಾರ ಕಡಿಮೆಯಾಗುತ್ತೆ, ಕಳ್ಳನಿಗೂ ಆಸೆ ಕಡಿಮೆಯಾಗುತ್ತೆ. ಬ್ಯಾಟರಿ ಕೂರುವ ಜಾಗಕ್ಕೆ, ಡಿಸ್‌ಪ್ಲೇಗೆ ಒಂದೊಂದು ಕವರ್ ಹಾಕಿ. ಓಡುವ ಗಾಡಿಯ ಹಿಂದೆ ಮಳೆನೀರು ಕೆಳಗಿನಿಂದಲೂ ಎರಚುತ್ತೆ. ಆದರೆ ಕವರ್ ಹಾಕುವ ಭರದಲ್ಲಿ ಲೈಟು, ನಂಬರ್ ಪ್ಲೇಟು ಮುಚ್ಚಬೇಡಿ. ಇಟಲಿ, ಸ್ಪೇನ್ ದೇಶಗಳಲ್ಲಿ ಹಿಂದೆ ಚಾಚಿದ ಸರಕಿಗೆ 50 ಸೆಂ.ಮೀ. ಚೌಕದ ಕೆಂಪು ಬಿಳಿ ಪಟ್ಟೆಯ ಫಲಕವನ್ನೂ ಕಟ್ಟಬೇಕು.

ಬೆಂಕಿಯ ಭಯ ಇರಲಿ, ಒಳ್ಳೆಯದೇ. ನಾವು ಚಾರ್ಜಿಗೆ ಹಾಕಿ ಮಲಗಿದ್ದು ಹೇಳಿದೆನಲ್ಲ, ಈಗ ಆ ಕೆಲಸ ಮಾಡುವುದಿಲ್ಲ. ಎಚ್ಚರ ಇದ್ದಾಗ ಮಾತ್ರ, ಸೈಕಲ್ ಜೊತೆ ಬಂದ ಅಥವಾ ತಯಾರಕರು ಒಪ್ಪಿದ ಚಾರ್ಜರಿನಲ್ಲಿ ಮಾತ್ರ. ಹಾಸಿಗೆಗೂ ಬಾಗಿಲಿಗೂ ನಡುವೆ ಅಂತೂ ಇಡಲೇ ಕೂಡದು. ಕೆಳಗೆ ಬಿದ್ದ, ಉಬ್ಬಿದ, ನೀರು ಹೊಕ್ಕ ಬ್ಯಾಟರಿಗೆ ಚಾರ್ಜರ್ ಹಚ್ಚಬೇಡಿ. ಸೊನ್ನೆ ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಚಾರ್ಜ್ ಮಾಡಿದರೂ ಒಳಗೊಳಗೇ ಹಾಳಾಗುತ್ತೆ. ಬಿಸಿಲಲ್ಲಿ ಮುಚ್ಚಿಟ್ಟ ಗಾಡಿಯೊಳಗೆ ದಿನಗಟ್ಟಲೆ ಬಿಡಬೇಡಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಿ.

*ಏನಮ್ಮಾ, ಹಿಂದೊಮ್ಮೆ ನೀನು "20 ಇಂಚಿನ ಚಕ್ರವೇ ಸಾಕು" ಅಂತ ಬರೆದಿದ್ದೆ. ನಂಬಿ ಕೊಂಡೆ. ಜಲ್ಲಿ ರಸ್ತೆಯಲ್ಲಿ ಮುಂಗೈ ಎಲ್ಲ ಬಿದ್ದುಹೋಯಿತು. ನನ್ನ ಮಗನ ದೊಡ್ಡ ಚಕ್ರದ ಸೈಕಲ್ಲೇ ಎಷ್ಟೋ ವಾಸಿ.*

ತಪ್ಪಾಯಿತು ಅಮ್ಮಾ. ನಾನು ಹೋಗುವುದು ಡಾಂಬರು ದಾರಿ. ನಿಮ್ಮ ದಾರಿ ಯಾವುದು ಅಂತ ಕೇಳದೆ ಬರೆದೆ. ಚಿಕ್ಕ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತೆ, ದೊಡ್ಡದು ದಾಟಿಕೊಂಡು ಹೋಗುತ್ತೆ. ಈಗಿರುವ ಸೈಕಲ್ಲಿಗೆ ಕೂರುವಷ್ಟು ದಪ್ಪ ಟೈರು ಹಾಕಿಸಿ, ಎರಡು ಇಂಚಿನದಾದರೂ ಸಿಕ್ಕರೆ ಒಳ್ಳೆಯದು. ಗಾಳಿ ಟೈರಿನ ಪಕ್ಕದಲ್ಲಿ ಬರೆದ ಕನಿಷ್ಠ ಮಟ್ಟದ ಹತ್ತಿರ ಇಡಿ. ಸೀಟಿನ ಕೆಳಗೆ ಸ್ಪ್ರಿಂಗಿನ ಕಂಬ ಹಾಕಿಸಬಹುದು. ಇಷ್ಟರಿಂದ ಬೆನ್ನಿಗೆ ಆರಾಮ ಸಿಗುತ್ತೆ, ಮುಂಗೈಗೆ ಅಷ್ಟಕ್ಕಷ್ಟೇ. ಮಣ್ಣುದಾರಿಯೇ ಜಾಸ್ತಿ ಅನ್ನೋದಾದರೆ 27.5 ಇಂಚಿನ ಚಕ್ರಕ್ಕೆ ಹೋಗಿ. ಅದನ್ನು ಮೊಣಕಾಲ ಮಟ್ಟದಲ್ಲಿರುವ ಟೋಬಾರ್ (ಟ್ರೇಲರ್ ಎಳೆಯೋಕೆ ಗಾಡಿಯ ಹಿಂದೆ ಇರುವ ಕೊಂಡಿ) ರ‍್ಯಾಕ್ ಮೇಲೆ, ಉರುಳಿಸಿಕೊಂಡು ಹತ್ತಿಸುವ ಇಳಿಜಾರು ಹಲಗೆ ಇಟ್ಟು ಏರಿಸಿ. ಆಕ್ಸಲ್ ತೂಕದ ಲೆಕ್ಕ ಮರೆಯಬೇಡಿ, ಟೋಬಾರ್ ಇನ್ನೂ ಹಿಂದಕ್ಕಿರುತ್ತೆ.

*ಮೇಡಂ, ಎರಡು ಬೇಕೇ ಬೇಕಾ? ಒಂದೇ ಕೊಂಡು ಸರದಿಯಲ್ಲಿ ಓಡಿಸಿದರೆ ಭಾರವೂ ಉಳಿಯುತ್ತೆ.*

ಭಾರ ಉಳಿಯುತ್ತೆ, ನಿಜ. ಎರಡನೇ ಜೊತೆ ಮಾರಿದ ಮೇಲೆ ಒಂದು ವರ್ಷ ನಾವೂ ಹಾಗೇ ಇದ್ದೆವು. ಸಾಮಾನು ತರೋಕೆ ಒಂದು ಸಾಕು. ಆದರೆ ನಮ್ಮವರು ಹೋದರೆ ಎರಡು ಗಂಟೆ ಬರುತ್ತಿರಲಿಲ್ಲ. ನಾನು ಬಾಗಿಲಲ್ಲಿ ಕೂತು ಎದುರಿನ ಗಾಡಿಯವರು ಪಾತ್ರೆ ತೊಳೆಯೋದು ನೋಡುತ್ತಿದ್ದೆ. ಕೊಳ್ಳುವ ಮುಂಚೆ ಒಂದು ಪ್ರವಾಸದಲ್ಲಿ ಬಾಡಿಗೆಗೆ ತಗೊಂಡು ನೋಡಿ, ನಿಮ್ಮದು ಯಾವ ಥರದ ಜೋಡಿ ಅಂತ ಗೊತ್ತಾಗುತ್ತೆ.

ಈಗ ನಮ್ಮಲ್ಲಿ ಎರಡಿವೆ. ಬ್ಯಾಟರಿ ತೆಗೆದರೆ ಒಂದೊಂದು 17 ಕೆ.ಜಿ., ನಾನೊಬ್ಬಳೇ ಎತ್ತಿಡುತ್ತೇನೆ. ಎರಡಕ್ಕೂ ಒಂದೇ ಬೀಗದ ಕೈ ಆಗುವ ಹಾಗೆ ಹೇಳಿ ಮಾಡಿಸಿದ್ದೇವೆ. ಆ ಬೀಗದ ಕೈ ಯಾವಾಗಲೂ ನಮ್ಮವರ ಜೇಬಿನಲ್ಲೇ ಇರುತ್ತೆ ಅನ್ನೋದೊಂದೇ ತಕರಾರು.